ಸೀಟಿಗೆ ಕಾಯದ ಗೋಲು: ರೆಫ್ರಿಯ ತಪ್ಪು, ವಿಡಿಯೋ ಪರಿಶೀಲನೆ ಮತ್ತು ಲೀಗ್ ಫಲಿತಾಂಶ

ಕರಾವಳಿಯಿಂದ ಉದ್ಯೋಗಕ್ಕೆಂದು ಹೋಗಿ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದ ಕಡೆ ಮನೆ ಮಾಡಿಕೊಂಡಿರುವ ನಮ್ಮವರು ಬಹಳಷ್ಟು ಮಂದಿ ಇದ್ದಾರೆ. ಭಾನುವಾರದ ಬಲಿಪೂಜೆ ಮುಗಿದ ಬಳಿಕ ಚರ್ಚ್ ಅಂಗಳದಲ್ಲಿ ನಿಂತು ಮಾತನಾಡುವಾಗ ಊರಿನ ಸುದ್ದಿ ಮುಗಿದರೆ ಮುಂದಿನದು ಸಾಮಾನ್ಯವಾಗಿ ಕ್ರಿಕೆಟ್. ಆದರೆ ಬೆಂಗಳೂರು ಎಫ್‌ಸಿ ಆಡುವ ದಿನಗಳಲ್ಲಿ ಮಾತು ಫುಟ್ಬಾಲಿನ ಕಡೆಗೆ ಹೊರಳುತ್ತದೆ. ಗ್ರಾಮಾಂತರದ ಈ ತಾಲೂಕುಗಳವರಿಗೆ ದೊಡ್ಡ ಫುಟ್ಬಾಲ್ ಎಂದರೆ ಕಂಠೀರವ ಕ್ರೀಡಾಂಗಣವೇ. ಅಲ್ಲಿ 2023ರ ಮಾರ್ಚ್ 3ರಂದು ನಡೆದ ಒಂದು ಘಟನೆಯ ಬಗ್ಗೆ ಇಂದಿಗೂ ಎರಡು ಮಾತು ಕೇಳಿಬರುತ್ತದೆ. ಕೇರಳ ಮೂಲದ ಕುಟುಂಬಗಳೂ ಇರುವ ಧರ್ಮಕೇಂದ್ರವಾದರಂತೂ ಕೇಳುವುದೇ ಬೇಡ! ರೆಫ್ರಿ ತಪ್ಪು ಮಾಡಿದರೆ ಏನಾಗುತ್ತದೆ, ವಿಡಿಯೋ ನೋಡಿ ತೀರ್ಪು ಕೊಡುವ ವ್ಯವಸ್ಥೆ ಅದನ್ನು ಎಷ್ಟರ ಮಟ್ಟಿಗೆ ಸರಿಪಡಿಸಬಲ್ಲದು ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಕ್ಕಿಲ್ಲ.

ಅಂದು ಐಎಸ್‌ಎಲ್ ನಾಕೌಟ್ ಪಂದ್ಯ. ಲೀಗ್ ಹಂತದ 20 ಪಂದ್ಯಗಳಲ್ಲಿ 34 ಅಂಕ ಗಳಿಸಿ ಬೆಂಗಳೂರು ನಾಲ್ಕನೇ ಸ್ಥಾನದಲ್ಲಿತ್ತು. 31 ಅಂಕಗಳ ಕೇರಳ ಬ್ಲಾಸ್ಟರ್ಸ್ ಐದನೆಯದು. ಸೋತವರು ಮನೆಗೆ, ಗೆದ್ದವರು ಸೆಮಿಫೈನಲಿಗೆ. 90 ನಿಮಿಷ ಕಳೆದರೂ ಗೋಲು ಬರಲಿಲ್ಲ. ಹೆಚ್ಚುವರಿ ಸಮಯದಲ್ಲಿ, 96ನೇ ನಿಮಿಷಕ್ಕೆ, ಕೇರಳದ ಪೆನಾಲ್ಟಿ ಬಾಕ್ಸಿನ ಹೊರಗೆ ಬೆಂಗಳೂರಿಗೆ ಒಂದು ಫ್ರೀ ಕಿಕ್ ದೊರೆಯಿತು. ಚೆಂಡಿನ ಬಳಿ ನಿಂತವರು ಸುನಿಲ್ ಛೆಟ್ರಿ. ಕೇರಳದ ಆಟಗಾರರು ಗೋಡೆ ಕಟ್ಟುವ ತಯಾರಿಯಲ್ಲಿದ್ದರು, ಗೋಲ್‌ಕೀಪರ್ ಪ್ರಭಸುಖನ್ ಗಿಲ್ ತನ್ನ ಜಾಗದಿಂದ ಮುಂದೆ ಬಂದಿದ್ದರು. ಅಷ್ಟರಲ್ಲಿ ಛೆಟ್ರಿ ಚೆಂಡನ್ನು ಮೆಲ್ಲನೆ ಎತ್ತಿ ಖಾಲಿ ಗೋಲಿನೊಳಗೆ ಹಾಕಿಯೇಬಿಟ್ಟರು. ರೆಫ್ರಿ ಕ್ರಿಸ್ಟಲ್ ಜಾನ್ ಗೋಲು ಎಂದರು.

ಕೇರಳದವರು ಮುಗಿಬಿದ್ದರು. ಸ್ವಲ್ಪ ಹೊತ್ತಿನಲ್ಲಿ ತರಬೇತುದಾರ ಇವಾನ್ ವುಕೊಮನೊವಿಚ್ ತಮ್ಮ ತಂಡವನ್ನು ಮೈದಾನದಿಂದ ಹೊರಗೆ ಕರೆದರು. ತಂಡ ಮರಳಿ ಬರಲೇ ಇಲ್ಲ. ಕೊನೆಗೆ ಬೆಂಗಳೂರು ಗೆದ್ದಿದೆ ಎಂದು ಘೋಷಿಸಲಾಯಿತು. ಪಂದ್ಯವನ್ನು ಮತ್ತೆ ಆಡಿಸಬೇಕು ಎಂಬ ಕೇರಳದ ಬೇಡಿಕೆಯನ್ನು ಭಾರತೀಯ ಫುಟ್ಬಾಲ್ ಫೆಡರೇಶನ್ನಿನ ಶಿಸ್ತು ಸಮಿತಿ ತಳ್ಳಿಹಾಕಿತು. ಅದೇ ತಿಂಗಳ ಕೊನೆಗೆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ತರಬೇತುದಾರರಿಗೆ 10 ಪಂದ್ಯಗಳ ನಿಷೇಧ ಮತ್ತು 5 ಲಕ್ಷ ರೂಪಾಯಿ ದಂಡ ಬಿತ್ತು.

ಈಗ ನಿಯಮ ಏನು ಹೇಳುತ್ತದೆ ನೋಡೋಣ. ಫ್ರೀ ಕಿಕ್ ಪಡೆದ ತಂಡಕ್ಕೆ ಬೇಗನೆ ಒದೆಯುವ ಹಕ್ಕಿದೆ. ತಪ್ಪು ಮಾಡಿದವರಿಗೆ ಸಾವಕಾಶವಾಗಿ ಗೋಡೆ ಕಟ್ಟಿಕೊಳ್ಳಲು ಸಮಯ ಕೊಡಬೇಕೆಂದೇನೂ ಇಲ್ಲ. ಎದುರಾಳಿಗಳು 9.15 ಮೀಟರ್ ದೂರ ಇರಬೇಕೆಂಬ ನಿಯಮ ಒದೆಯುವವರ ಅನುಕೂಲಕ್ಕಾಗಿ ಇರುವುದು. ಅವರಿಗೆ ಆ ಅನುಕೂಲ ಬೇಡವಾದರೆ ಕಾಯಬೇಕಿಲ್ಲ. ಆದರೆ ರೆಫ್ರಿ ಒಮ್ಮೆ ಆಟವನ್ನು ತಡೆದು, ದೂರ ಅಳೆದು, 'ಸೀಟಿ ಊದಿದ ಮೇಲೆ ಒದೆಯಿರಿ' ಎಂದು ಸೂಚಿಸಿದರೆ ಕಾಯಲೇಬೇಕು. ಗೋಡೆಯ ಸಿದ್ಧತೆ ನಡೆಯುತ್ತಿತ್ತು, ಆದ್ದರಿಂದ ಸೀಟಿ ಊದಬೇಕಿತ್ತು ಎಂಬುದು ಕೇರಳದವರ ವಾದ. ಛೆಟ್ರಿಯವರು ಪಂದ್ಯದ ನಂತರ ಹೇಳಿದ್ದು ಬೇರೆ. ತನಗೆ ಸೀಟಿಯೂ ಬೇಡ, ಗೋಡೆಯೂ ಬೇಡ ಎಂದು ರೆಫ್ರಿಗೆ ಮೊದಲೇ ತಿಳಿಸಿದ್ದೆ, ಖಚಿತವೇ ಎಂದು ಅವರು ಕೇಳಿದಾಗ ಹೌದು ಎಂದೆ. ಇದನ್ನು ಕೇಳಿಸಿಕೊಂಡಿದ್ದರಿಂದಲೇ ಕೇರಳದ ಏಡ್ರಿಯನ್ ಲೂನಾ ಮೊದಲ ಪ್ರಯತ್ನಕ್ಕೆ ಅಡ್ಡ ಬಂದರು ಎಂದು ಅವರು ವಿವರಿಸಿದರು.

ಬಹಳ ಮಂದಿ ಅಂದು ಹೇಳಿದ್ದು, 'ವಿಎಆರ್ ಇದ್ದಿದ್ದರೆ ಈ ಗಲಾಟೆಯೇ ಇರುತ್ತಿರಲಿಲ್ಲ.' ನಮಗೆ ಹಾಗನ್ನಿಸುವುದಿಲ್ಲ. ವಿಎಆರ್ ಎಂದರೆ ಕೋಣೆಯೊಂದರಲ್ಲಿ ಕುಳಿತು ಟಿವಿ ಪರದೆಗಳನ್ನು ನೋಡುವ ಇನ್ನೊಬ್ಬ ರೆಫ್ರಿ. ಅವರು ಎಲ್ಲದಕ್ಕೂ ಬಾಯಿ ಹಾಕುವಂತಿಲ್ಲ. ಈ ವ್ಯವಸ್ಥೆಯನ್ನು ಫುಟ್ಬಾಲಿನ ನಿಯಮ ಪುಸ್ತಕಕ್ಕೆ ಸೇರಿಸಿದಾಗ ಅದಕ್ಕೆ ಒಪ್ಪಿಸಿದ ಕೆಲಸ ನಾಲ್ಕೇ: ಗೋಲು ಸರಿಯೇ ಅಲ್ಲವೇ, ಪೆನಾಲ್ಟಿ ಹೌದೇ ಅಲ್ಲವೇ, ನೇರ ಕೆಂಪು ಕಾರ್ಡು ಕೊಡಬೇಕೇ, ಮತ್ತು ಕಾರ್ಡು ತಪ್ಪಿ ಬೇರೊಬ್ಬ ಆಟಗಾರನಿಗೆ ಹೋಯಿತೇ. ಅದೂ ತಪ್ಪು ಎದ್ದು ಕಾಣುವಂತಿದ್ದರೆ ಮಾತ್ರ. ಛೆಟ್ರಿಯವರ ಗೋಲಿನಲ್ಲಿ ಆಫ್‌ಸೈಡ್ ಇರಲಿಲ್ಲ, ಕೈಗೆ ಚೆಂಡು ತಾಗಿರಲಿಲ್ಲ, ಚೆಂಡು ಗೆರೆ ದಾಟಿದ್ದು ಎಲ್ಲರಿಗೂ ಕಂಡಿತ್ತು. ಉಳಿದದ್ದು ಒಂದೇ ಪ್ರಶ್ನೆ: ರೆಫ್ರಿ ಬೇಗ ಒದೆಯಲು ಒಪ್ಪಿದ್ದರೇ ಇಲ್ಲವೇ? ಅದು ಅವರಿಬ್ಬರ ನಡುವಿನ ಮಾತು. ಕ್ಯಾಮೆರಾ ಕಣ್ಣಿಗೆ ಅದು ಕಾಣುವಂಥದ್ದಲ್ಲ. ಮೈದಾನದ ರೆಫ್ರಿಯೇ 'ನಾನು ಒಪ್ಪಿದ್ದೆ' ಎಂದರೆ ವಿಡಿಯೋ ಕೋಣೆಯವರು ತಲೆಯಾಡಿಸಿ ಸುಮ್ಮನಾಗಬೇಕಾಗುತ್ತಿತ್ತು. (ಕಾಕತಾಳೀಯವೆಂದರೆ, ವಿಎಆರ್ ಅನ್ನು ನಿಯಮವಾಗಿ ಅಂಗೀಕರಿಸಿದ ದಿನ 2018ರ ಮಾರ್ಚ್ 3. ಕಂಠೀರವದ ಈ ಪಂದ್ಯ ನಡೆದದ್ದು ಸರಿಯಾಗಿ ಐದು ವರ್ಷಗಳ ನಂತರ.)

ಹದಿನೈದು ದಿನಗಳ ಬಳಿಕ ಕತೆ ತಿರುಗಿತು. ಮುಂಬೈ ಸಿಟಿಯನ್ನು ಸೆಮಿಫೈನಲಿನಲ್ಲಿ ಪೆನಾಲ್ಟಿ ಶೂಟೌಟಿನಲ್ಲಿ ಸೋಲಿಸಿದ ಬೆಂಗಳೂರು ಮಾರ್ಚ್ 18ರಂದು ಗೋವಾದ ಫಟೋರ್ಡಾದಲ್ಲಿ ಎಟಿಕೆ ಮೋಹನ್ ಬಗಾನ್ ವಿರುದ್ಧ ಫೈನಲ್ ಆಡಿತು. 85ನೇ ನಿಮಿಷದಲ್ಲಿ ಬೆಂಗಳೂರು 2-1ರಿಂದ ಮುಂದಿತ್ತು. ಕಪ್ಪು ಕೈಗೆ ಬಂದ ಹಾಗೆಯೇ! ಆಗ ಬಗಾನ್‌ಗೆ ಒಂದು ಪೆನಾಲ್ಟಿ ಸಿಕ್ಕಿತು, ದಿಮಿತ್ರಿ ಪೆಟ್ರಾಟೋಸ್ ಗೋಲು ಹೊಡೆದು 2-2 ಮಾಡಿದರು. ಆಟಗಾರನನ್ನು ಬೀಳಿಸಿದ್ದು ಬಾಕ್ಸಿನ ಹೊರಗೆ, ಅದು ಪೆನಾಲ್ಟಿಯಲ್ಲ, ಬರಿಯ ಫ್ರೀ ಕಿಕ್ ಎಂಬುದು ಬೆಂಗಳೂರು ಅಭಿಮಾನಿಗಳ ದೂರು. ಶೂಟೌಟಿನಲ್ಲಿ ಬಗಾನ್ 4-3ರಿಂದ ಗೆದ್ದಿತು. ತಂಡದ ಮಾಲೀಕ ಪಾರ್ಥ್ ಜಿಂದಾಲ್ ಅದೇ ರಾತ್ರಿ ಐಎಸ್‌ಎಲ್‌ಗೆ ವಿಎಆರ್ ತರಲೇಬೇಕೆಂದು ಬಹಿರಂಗವಾಗಿ ಒತ್ತಾಯಿಸಿದರು. ಎರಡು ವಾರದ ಹಿಂದೆ ರೆಫ್ರಿಯ ತೀರ್ಪೇ ಅಂತಿಮ ಎಂದು ನಾವೆಲ್ಲ ಕೇರಳದ ಗೆಳೆಯರಿಗೆ ಬುದ್ಧಿ ಹೇಳಿದ್ದೆವು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಈ ಎರಡು ಪ್ರಸಂಗಗಳು ಒಂದೇ ಬಗೆಯವಲ್ಲ. ಮೊದಲನೆಯದು ರೆಫ್ರಿಯ ವಿವೇಚನೆಗೆ ಬಿಟ್ಟದ್ದು. ಎರಡನೆಯದು ಜಾಗದ ಪ್ರಶ್ನೆ: ಕಾಲಿಗೆ ಕಾಲು ತಾಗಿದ್ದು ಗೆರೆಯ ಒಳಗೋ ಹೊರಗೋ? ಇಂಥದ್ದಕ್ಕೇ ವಿಡಿಯೋ ಬೇಕು. ಓಡುತ್ತಿರುವ ರೆಫ್ರಿಗೆ ಇದನ್ನು ಒಂದೇ ನೋಟದಲ್ಲಿ ಹೇಳುವುದು ಕಷ್ಟ; ಚಿತ್ರವನ್ನು ನಿಲ್ಲಿಸಿ ನೋಡುವವರಿಗೆ ಸುಲಭ.

'ಒಂದು ಋತುವಿನಲ್ಲಿ ತಪ್ಪುಗಳೆಲ್ಲ ಸರಿತೂಗುತ್ತವೆ' ಎಂದು ಹಿರಿಯರು ಹೇಳುವುದುಂಟು. ನಮಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ಗೆದ್ದರೆ 3 ಅಂಕ, ಸಮವಾದರೆ 1 ಅಂಕ. ಗೆಲುವೊಂದು ತಪ್ಪು ತೀರ್ಪಿನಿಂದ ಸಮವಾದರೆ ಒಬ್ಬರಿಗೆ 2 ಅಂಕ ನಷ್ಟ, ಇನ್ನೊಬ್ಬರಿಗೆ 1 ಅಂಕ ಲಾಭ. ಅದರ ಪೆಟ್ಟು ಆ ಪಂದ್ಯ ಆಡದ ಮೂರನೆಯವರಿಗೂ ಬೀಳಬಹುದು. 2020ರ ಜೂನ್ 17ರಂದು ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಶೆಫೀಲ್ಡ್ ಯುನೈಟೆಡ್ ತಂಡದ ಫ್ರೀ ಕಿಕ್ ಒಂದನ್ನು ಆಸ್ಟನ್ ವಿಲ್ಲಾ ಗೋಲ್‌ಕೀಪರ್ ಹಿಡಿದುಕೊಂಡೇ ಗೆರೆಯ ಒಳಕ್ಕೆ ಹೋದರು. ಗೋಲು ಗೆರೆಯ ಯಂತ್ರ ರೆಫ್ರಿಯ ಗಡಿಯಾರಕ್ಕೆ ಸೂಚನೆ ಕಳಿಸಲಿಲ್ಲ. ಏಳು ಕ್ಯಾಮೆರಾಗಳಿಗೂ ಆಟಗಾರರೂ ಗೋಲು ಕಂಬವೂ ಅಡ್ಡವಾಗಿದ್ದವು ಎಂದು ಕಂಪನಿ ಆಮೇಲೆ ಕ್ಷಮೆ ಕೇಳಿತು. ವಿಎಆರ್ ಇತ್ತು, ಆದರೆ ಮಧ್ಯೆ ಬರಲಿಲ್ಲ. ಪಂದ್ಯ 0-0. ಋತುವಿನ ಕೊನೆಗೆ ವಿಲ್ಲಾ 35 ಅಂಕದಲ್ಲಿ ಉಳಿಯಿತು, 34 ಅಂಕದ ಬೋರ್ನ್‌ಮತ್ ಕೆಳಗಿನ ಲೀಗಿಗೆ ಇಳಿಯಿತು. ಆ 1 ಅಂಕ ಸಿಗದೆ ವಿಲ್ಲಾವೂ 34ರಲ್ಲೇ ನಿಂತಿದ್ದರೆ ಗೋಲುಗಳ ಅಂತರದಲ್ಲಿ ಬೋರ್ನ್‌ಮತ್ ಮೇಲಿರುತ್ತಿತ್ತು. ಆ ಗೋಲು ಕೊಟ್ಟಿದ್ದರೆ ಮುಂದಿನ ಪಂದ್ಯಗಳೆಲ್ಲ ಹೀಗೆಯೇ ನಡೆಯುತ್ತಿದ್ದವು ಎನ್ನಲಾಗದು, ನಿಜ. ಆದರೆ ಇಳಿದುಹೋದವರಿಗೆ ಈ ಸಮಾಧಾನ ಸಾಕಾಗುವುದಿಲ್ಲ.

ಯಂತ್ರ ಸರಿಯಿದ್ದೂ ಮನುಷ್ಯ ತಪ್ಪಿದ ಉದಾಹರಣೆಯೂ ಇದೆ. 2023ರ ಸೆಪ್ಟೆಂಬರ್ 30ರಂದು ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲಿನ ಲೂಯಿಸ್ ಡಿಯಾಜ್ ಹೊಡೆದ ಗೋಲನ್ನು ಸಹಾಯಕ ರೆಫ್ರಿ ಆಫ್‌ಸೈಡ್ ಎಂದರು. ವಿಡಿಯೋ ಕೋಣೆಯವರು ಡಿಯಾಜ್ ಆಫ್‌ಸೈಡ್ ಇಲ್ಲ ಎಂದು ಸರಿಯಾಗಿಯೇ ಕಂಡುಕೊಂಡರು. ಆದರೆ ಮೈದಾನದಲ್ಲಿ ಗೋಲು ಕೊಟ್ಟಿದ್ದಾರೆಂದು ತಪ್ಪು ತಿಳಿದು 'ಪರಿಶೀಲನೆ ಮುಗಿಯಿತು' ಎಂದುಬಿಟ್ಟರು. ಎಚ್ಚೆತ್ತುಕೊಳ್ಳುವಷ್ಟರಲ್ಲಿ ಆಟ ಮತ್ತೆ ಶುರುವಾಗಿತ್ತು. ಶುರುವಾದ ಮೇಲೆ ಹಿಂದಕ್ಕೆ ಹೋಗುವಂತಿಲ್ಲ. ಲಿವರ್‌ಪೂಲ್ 1-2ರಿಂದ ಸೋತಿತು.

ನಮ್ಮ ದೇಶಕ್ಕೆ ಹೆಚ್ಚು ನೋವು ಕೊಟ್ಟದ್ದು 2024ರ ಜೂನ್ 11ರ ದೋಹಾ ಪಂದ್ಯ. ವಿಶ್ವಕಪ್ ಅರ್ಹತೆಯ ಮುಂದಿನ ಸುತ್ತಿಗೆ ಏರಲು ಭಾರತ ಗೆಲ್ಲಬೇಕಿತ್ತು. ಛಾಂಗ್ಟೆಯವರ ಗೋಲಿನಿಂದ 1-0 ಮುನ್ನಡೆಯೂ ಇತ್ತು. 73ನೇ ನಿಮಿಷದಲ್ಲಿ ಚೆಂಡು ಅಂತಿಮ ಗೆರೆ ದಾಟಿ ಹೊರಗೆ ಹೋದದ್ದನ್ನು ಕತಾರ್ ಆಟಗಾರ ಒಳಗೆಳೆದುಕೊಂಡ, ಯೂಸುಫ್ ಐಮನ್ ಗೋಲು ಹೊಡೆದರು, ರೆಫ್ರಿ ಒಪ್ಪಿದರು. ಆ ಸುತ್ತಿನಲ್ಲಿ ವಿಎಆರ್ ಇರಲಿಲ್ಲ. ಕತಾರ್ 2-1ರಿಂದ ಗೆದ್ದಿತು, ಭಾರತ ಹೊರಬಿತ್ತು. ವಿಡಿಯೋ ನೋಡಿದ್ದರೆ ಕೆಲವೇ ಕ್ಷಣಗಳಲ್ಲಿ ತೀರುತ್ತಿದ್ದ ಪ್ರಶ್ನೆ ಇದು.

ಹಾಗಾದರೆ ಐಎಸ್‌ಎಲ್‌ನಲ್ಲಿ ಏಕಿಲ್ಲ? ಮುಖ್ಯವಾಗಿ ಖರ್ಚು. ಪ್ರತಿ ಮೈದಾನದಲ್ಲಿ ಸಾಕಷ್ಟು ಕ್ಯಾಮೆರಾ, ಅವುಗಳನ್ನು ಜೋಡಿಸುವ ತಂತ್ರಜ್ಞರು, ತರಬೇತಾದ ವಿಡಿಯೋ ರೆಫ್ರಿಗಳು, ಅಂತರರಾಷ್ಟ್ರೀಯ ಅನುಮತಿ ಎಲ್ಲವೂ ಬೇಕು. 2023ರಲ್ಲಿ ಫೆಡರೇಶನ್ ಅಧ್ಯಕ್ಷ ಕಲ್ಯಾಣ್ ಚೌಬೆ ಕಡಿಮೆ ಖರ್ಚಿನ ಪದ್ಧತಿಯನ್ನು ನೋಡಲು ಬೆಲ್ಜಿಯಂಗೆ ಹೋಗಿ ಬಂದರು. ಆದರೂ 2024-25ರ ಋತುವಿನವರೆಗೆ ಲೀಗಿಗೆ ವಿಎಆರ್ ಬರಲಿಲ್ಲ. 2024ರಿಂದ ಫಿಫಾ ಇನ್ನೊಂದು ಸರಳ ವಿಧಾನವನ್ನು ಪರೀಕ್ಷಿಸುತ್ತಿದೆ. ಇದರಲ್ಲಿ ಪ್ರತ್ಯೇಕ ವಿಡಿಯೋ ರೆಫ್ರಿ ಇಲ್ಲ. ತರಬೇತುದಾರರು ಪಂದ್ಯಕ್ಕೆ ಎರಡು ಬಾರಿ ಮರುಪರಿಶೀಲನೆ ಕೇಳಬಹುದು, ಮೈದಾನದ ರೆಫ್ರಿಯೇ ಪರದೆ ನೋಡಿ ತೀರ್ಮಾನಿಸುತ್ತಾರೆ. ಕ್ರಿಕೆಟಿನ ಡಿಆರ್‌ಎಸ್ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕ್ಯಾಮೆರಾ ಕಡಿಮೆ ಇರುವ ಲೀಗುಗಳಿಗೆ ಇದೇ ಹೊಂದುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಧರ್ಮಕೇಂದ್ರಗಳ ಯುವಜನ ಪಂದ್ಯಾಟಗಳನ್ನು ನಡೆಸುವವರಿಗಾಗಿ ಒಂದು ಮಾತು ಇಲ್ಲಿ ಸೇರಿಸಬೇಕು. ಈಗ ಪ್ರತಿಯೊಬ್ಬರ ಕೈಯಲ್ಲೂ ಮೊಬೈಲ್ ಇದೆ. ಗೋಲಿನ ಹಿಂದೆ ನಿಂತವರು ವಿಡಿಯೋ ತೆಗೆದು ರೆಫ್ರಿಯ ಮುಖದ ಮುಂದೆ ಹಿಡಿಯುವುದನ್ನು, ಆಮೇಲೆ ಧರ್ಮಗುರುಗಳ ತನಕ ದೂರು ಹೋಗುವುದನ್ನು ನಾವೂ ಕಂಡಿದ್ದೇವೆ. ನಿಯಮದ ಪ್ರಕಾರ ಅನುಮತಿ ಪಡೆದ ವ್ಯವಸ್ಥೆ ಇಲ್ಲದ ಪಂದ್ಯದಲ್ಲಿ ರೆಫ್ರಿ ವಿಡಿಯೋ ನೋಡಿ ತೀರ್ಪು ಬದಲಿಸುವಂತಿಲ್ಲ. ಸಹಾಯಕ ರೆಫ್ರಿಯನ್ನು ಕೇಳಿ ಬದಲಿಸಬಹುದು, ಅದೂ ಆಟ ಮತ್ತೆ ಆರಂಭವಾಗುವ ಮೊದಲು. ಇದನ್ನು ಪಂದ್ಯಾಟದ ಮುಂಚೆಯೇ ಎರಡೂ ತಂಡಗಳ ನಾಯಕರಿಗೆ ತಿಳಿಸಿ, ಬರೆದು ಸಹಿ ಹಾಕಿಸಿಕೊಂಡರೆ ಆಯೋಜಕರ ಅರ್ಧ ತಲೆನೋವು ಕಡಿಮೆಯಾಗುತ್ತದೆ. ಗೆರೆಗಳನ್ನು ಸುಣ್ಣದಿಂದ ಸ್ಪಷ್ಟವಾಗಿ ಎಳೆಸಿ, ಗೋಲಿಗೆ ಬಲೆ ಕಟ್ಟಿಸಿ, ಎರಡೂ ಬದಿಗೆ ನಿಯಮ ಬಲ್ಲ ಸಹಾಯಕರನ್ನು ನಿಲ್ಲಿಸಿದರೆ ಉಳಿದರ್ಧವೂ ಬಹುಪಾಲು ಹೋಗುತ್ತದೆ. ಬಲೆ ಇಲ್ಲದ ಗೋಲಿನಲ್ಲಿ ಚೆಂಡು ಕಂಬದ ಒಳಗಿನಿಂದ ಹೋಯಿತೋ ಹೊರಗಿನಿಂದಲೋ ಎಂಬ ಜಗಳಕ್ಕೆ ಯಾವ ವಿಎಆರ್ ಬೇಕು?

ಬೆಂಗಳೂರು ಮತ್ತು ಕೇರಳ ಮುಂದಿನ ಐಎಸ್‌ಎಲ್‌ನ ಮೊದಲ ಪಂದ್ಯದಲ್ಲೇ ಮುಖಾಮುಖಿಯಾದವು, 2023ರ ಸೆಪ್ಟೆಂಬರ್ 21ರಂದು ಕೊಚ್ಚಿಯಲ್ಲಿ. ವುಕೊಮನೊವಿಚ್ ನಿಷೇಧ ಇನ್ನೂ ಮುಗಿಯದೆ ಹೊರಗೇ ಇದ್ದರು. ಕೇರಳ 2-1ರಿಂದ ಗೆದ್ದಿತು. ಎರಡನೇ ಗೋಲು ಬಂದದ್ದು ಬೆಂಗಳೂರು ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಕಾಲಲ್ಲಿ ಚೆಂಡು ಇಟ್ಟುಕೊಂಡು ತಡಮಾಡಿದಾಗ. ಓಡಿ ಬಂದು ಅದನ್ನು ಕಸಿದು ಗೋಲಿಗೆ ತಳ್ಳಿದವರು ಏಡ್ರಿಯನ್ ಲೂನಾ. ಆ ಗೋಲಿನ ಬಗ್ಗೆ ಯಾರೂ ರೆಫ್ರಿಯನ್ನು ಏನೂ ಕೇಳಲಿಲ್ಲ.