ಮೂಲೆಯಲ್ಲಿ ಮೂರು ಅಕ್ಷರ

ಸ್ಟಾಕ್‌ಹೋಮಿನ ಹರಾಜು ಮನೆಯಲ್ಲಿ ಹಳೆಯ ಜಮಖಾನವೊಂದನ್ನು ಬಿಡಿಸಿ ಹಾಸಿದರೆ ಪಳಗಿದ ಗಿರಾಕಿ ನೇರವಾಗಿ ಅದರ ಮೂಲೆಗೆ ಹೋಗಿ ಮೊಣಕಾಲೂರುತ್ತಾನೆ. ಬಣ್ಣ, ಚಿತ್ತಾರ, ಉದ್ದಗಲ ಎಲ್ಲ ಆಮೇಲೆ. ಅಂಚಿನ ಪಕ್ಕದಲ್ಲಿ ಹೊಕ್ಕಿನ ನೂಲಿನಲ್ಲೇ ನೇಯ್ದ ಅಕ್ಷರಗಳಿವೆಯೇ? ‘ಎಂಎಂಎಫ್’ ಎಂದಷ್ಟೇ ಇದ್ದರೆ ಒಂದು ಬೆಲೆ. ಅದರ ಮುಂಚೆ ‘ಎಬಿ’ ಸೇರಿಕೊಂಡಿದ್ದರೆ ಇನ್ನೊಂದು. ಏನೂ ಇಲ್ಲದಿದ್ದರೆ ಲೆಕ್ಕವೇ ಬೇರೆ. ನೆಲಕ್ಕೆ ಹಾಸುವ, ಮಕ್ಕಳು ಹಾಲು ಚೆಲ್ಲುವ, ನಾಯಿ ಮಲಗುವ ವಸ್ತುವಿಗೆ ವರ್ಣಚಿತ್ರಕ್ಕೆ ಬಿದ್ದಂತೆ ಸಹಿ ಬಿದ್ದದ್ದು ಹೇಗೆ? ಸ್ವಾರಸ್ಯ ಇರುವುದು ಇಲ್ಲೇ. ಅಕ್ಷರ ನೇಯುವ ರೂಢಿ ಆ ನಾಡಿನಲ್ಲಿ ಮೊದಲಿನಿಂದಲೂ ಇತ್ತು, ಆದರೆ ಆಗ ನೇಯುತ್ತಿದ್ದುದು ಬೇರೆ ಯಾರದೋ ಹೆಸರು.

ಸ್ವೀಡನ್ನಿನ ದಕ್ಷಿಣದ ತುದಿಯಲ್ಲಿ ಸ್ಕೋನೆ ಎಂಬ ಪ್ರಾಂತ್ಯವಿದೆ. ಗೋಧಿ, ಬಾರ್ಲಿ ಬೆಳೆಯುವ ಫಲವತ್ತಾದ ಬಯಲು. ಸರಿಸುಮಾರು 1750ರಿಂದ 1850ರವರೆಗೆ ಅಲ್ಲಿನ ರೈತರ ಮನೆಗಳಲ್ಲಿ ನೇಯ್ಗೆಗೆ ಸುಗ್ಗಿ. ಹೆಣ್ಣುಮಗು ದೊಡ್ಡವಳಾಗುತ್ತಿದ್ದಂತೆ ಅವಳ ಮದುವೆಯ ಪೆಟ್ಟಿಗೆ ತುಂಬತೊಡಗುತ್ತಿತ್ತು: ಬೆಂಚಿಗೆ ಹಾಸುವ ಉದ್ದನೆಯ ಪಟ್ಟಿ, ಮಂಚದ ಹೊದಿಕೆ, ದಿಂಬು. ಎಲ್ಲಕ್ಕಿಂತ ಚೆಂದದ್ದು ಕುದುರೆಗಾಡಿಯ ಆಸನದ ಮೇಲೆ ಹಾಕುವ ದಿಂಬು. ಮದುವೆಯ ದಿನ ಚರ್ಚಿಗೆ ಗಾಡಿಯಲ್ಲಿ ಹೋಗುವಾಗ ಊರೆಲ್ಲ ನೋಡುವುದು ಅದನ್ನೇ ತಾನೆ! ಎಂಟು ಮೂಲೆಯ ನಕ್ಷತ್ರ, ಜಿಂಕೆ, ಎದುರುಬದುರು ನಿಂತ ಹಕ್ಕಿಜೋಡಿ ಇವುಗಳ ಚಿತ್ತಾರ. ನೇಯ್ಗೆಗೆ ಅವರು ಹೇಳುವ ಹೆಸರು ‘ರೋಲಕನ್’. ನವಲಗುಂದದ ಜಮಖಾನ ನೋಡಿದವರಿಗೆ ಅದರ ಮೈ ಪರಿಚಿತವೆನಿಸೀತು. ರೋಮವಿಲ್ಲದ ಚಪ್ಪಟೆ ನೇಯ್ಗೆ, ಹಾಸಿನ ನೂಲು ಪೂರ್ತಿ ಮುಚ್ಚಿಹೋಗುವಂತೆ ಹೊಕ್ಕನ್ನು ಬಡಿದು ಕೂಡಿಸಿದ್ದು. ಎರಡು ಬಣ್ಣದ ಹೊಕ್ಕುಗಳು ಎದುರಾದಲ್ಲಿ ಒಂದನ್ನೊಂದು ಕೊಕ್ಕೆ ಹಾಕಿಕೊಂಡು ಹಿಂದಿರುಗುತ್ತವೆ. ಹಾಗಾಗಿ ಬಣ್ಣದ ಗಡಿಯಲ್ಲಿ ಸೀಳು ಬೀಳುವುದಿಲ್ಲ.

ಈ ದಿಂಬು, ಹೊದಿಕೆಗಳ ಮೇಲೆ ಇಸವಿ ಇರುತ್ತಿತ್ತು, ಜೊತೆಗೆ ಎರಡು ಮೂರು ಅಕ್ಷರ. ಅವು ಮದುವಣಗಿತ್ತಿಯ ಹೆಸರಿನ ಮೊದಲಕ್ಷರಗಳು. ಅಂದರೆ ಒಡತಿಯ ಗುರುತು. ನೇಯ್ದವಳು ಅವಳೇ ಇರಬಹುದು, ಅವಳ ತಾಯಿ ಇರಬಹುದು, ಅದನ್ನು ಯಾರೂ ಬರೆದಿಡಲಿಲ್ಲ. ವರ್ಷಕ್ಕೆ ನಾಲ್ಕಾರು ಬಾರಿ ಹಬ್ಬಕ್ಕೋ ಮದುವೆಗೋ ಹೊರಗೆ ಬಂದು ಮತ್ತೆ ಕತ್ತಲಿನ ಪೆಟ್ಟಿಗೆ ಸೇರುತ್ತಿದ್ದ ಕಾರಣ ಇನ್ನೂರು ವರ್ಷದ ಕೆಂಪು ಇಂದಿಗೂ ಕೆಂಪಾಗಿಯೇ ಉಳಿದಿದೆ. ಇಂದಿನ ಸಂಗ್ರಾಹಕರು ಆ ಜಿಪುಣ ಅತ್ತೆಯರಿಗೆ ಕೈ ಮುಗಿಯಬೇಕು.

ಹತ್ತೊಂಬತ್ತನೇ ಶತಮಾನದ ಮಧ್ಯಕ್ಕೆ ಈ ಲೋಕ ಸಡಿಲವಾಯಿತು. ಭೂಮಿಯ ಮರುಹಂಚಿಕೆಯಿಂದ ಒತ್ತಾಗಿದ್ದ ಹಳ್ಳಿಗಳು ಚದುರಿದವು, ಗಿರಣಿಯ ಅರಿವೆ ಅಗ್ಗವಾಯಿತು, ಅಜ್ಜಿಯ ಹೊದಿಕೆ ಮೊಮ್ಮಗಳಿಗೆ ಹಳ್ಳಿಗಾಡಿನದೆನಿಸತೊಡಗಿತು. ಪೆಟ್ಟಿಗೆಗಳು ತೆರೆದವು. ತೆಗೆದುಕೊಳ್ಳಲು ಪಟ್ಟಣದವರು ಬಂದರು. ಆರ್ಥರ್ ಹಸೇಲಿಯಸ್ 1872ರಲ್ಲಿ ಡಾಲಾರ್ನಾ ಸೀಮೆಯಲ್ಲಿ ತಿರುಗಾಡುತ್ತ ಹಳ್ಳಿಯ ಉಡುಪುಗಳನ್ನು ಕೂಡಿಹಾಕಲು ಶುರುಮಾಡಿ, ಮರುವರ್ಷ ಸ್ಟಾಕ್‌ಹೋಮಿನಲ್ಲಿ ಅವುಗಳ ಪ್ರದರ್ಶನ ತೆರೆದ. ಅದೇ ಮುಂದೆ ನಾರ್ಡಿಕ್ ಮ್ಯೂಸಿಯಂ ಆಯಿತು. 1874ರಲ್ಲಿ ಸೋಫಿ ಆಡ್ಲರ್‌ಸ್ಪಾರೆ ಮತ್ತು ಜೊತೆಗಾರ್ತಿಯರು ‘ಕೈಕಸುಬಿನ ಗೆಳೆಯರು’ ಎಂಬ ಸಂಘ ಕಟ್ಟಿದರು. ಆಕೆ ಹೆಣ್ಣುಮಕ್ಕಳ ಹಕ್ಕಿಗಾಗಿ ಹೋರಾಡಿದವರು. ಹಳೆಯ ನೇಯ್ಗೆ ಉಳಿಯಬೇಕು, ಅದರಿಂದ ಹೆಂಗಸರ ಕೈಗೆ ನಾಲ್ಕು ಕಾಸೂ ಸೇರಬೇಕು ಎಂಬುದು ಅವರ ಲೆಕ್ಕ.

ಆದರೆ ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವವರು ಲಿಲ್ಲಿ ಸಿಕರ್‌ಮಾನ್. ಶೋವ್ಡೆ ಎಂಬ ಊರಿನಲ್ಲಿ ಕಸೂತಿ ಅಂಗಡಿ ಇಟ್ಟುಕೊಂಡಿದ್ದ ಈಕೆ 1899ರಲ್ಲಿ ಸ್ಟಾಕ್‌ಹೋಮಿಗೆ ಬಂದು ಸ್ವೀಡನ್ನಿನ ಗೃಹಕೈಗಾರಿಕೆಯ ಸಂಘ ಸ್ಥಾಪಿಸಿ, ಹಳ್ಳಿಯ ಹೆಂಗಸರು ನೇಯ್ದದ್ದನ್ನು ಮಾರುವ ಮಳಿಗೆ ತೆರೆದರು. ಅಷ್ಟಕ್ಕೇ ತೃಪ್ತಿಯಾಗಲಿಲ್ಲ. 1914ರಲ್ಲಿ, ಐವತ್ತು ದಾಟಿದ ಮೇಲೆ, ದೇಶದ ಹಳೆಯ ಜವಳಿಯ ಗಣತಿಗೆ ಹೊರಟರು. ಜಿಲ್ಲೆ ಜಿಲ್ಲೆ ಸುತ್ತಿ, ಹಳ್ಳಿಮನೆಗಳ ಪೆಟ್ಟಿಗೆ ತೆರೆಸಿ, ಒಳಗಿದ್ದುದರ ಫೋಟೊ ತೆಗೆಸಿ, ಯಾವ ನೇಯ್ಗೆ, ಯಾವ ಬಣ್ಣ, ಯಾರ ಮನೆಯದು ಎಂದು ಹಾಳೆ ಹಾಳೆ ಬರೆಸಿದರು. ಕೆಲಸ ಮುಗಿಯುವಾಗ 1930ರ ದಶಕ ಬಂದಿತ್ತು. ಸುಮಾರು 24,000 ಚಿತ್ರಗಳ ಆ ದಾಖಲೆ ಈಗ ನಾರ್ಡಿಕ್ ಮ್ಯೂಸಿಯಂನಲ್ಲಿದೆ. ಇಂದು ಯಾರಾದರೂ ಒಂದು ಹಳೆಯ ದಿಂಬನ್ನು ಹಿಡಿದು ‘ಇದು ಇಂಥ ಸೀಮೆಯದು’ ಎಂದು ಎದೆತಟ್ಟಿ ಹೇಳುತ್ತಾರೆಂದರೆ ಅದರ ಹಿಂದೆ ಲಿಲ್ಲಿಯ ಈ ಓಡಾಟವೂ ಇದೆ.

ಹಳೆಯದನ್ನು ಇಷ್ಟು ನಿಷ್ಠೆಯಿಂದ ಕಾಯುವವರ ನಡುವೆ ಒಂದು ತೊಡಕು ಹುಟ್ಟಲೇಬೇಕಿತ್ತು. ಅದು ಮೇರ್ಟಾ ಮೋಸ್-ಫ್ಯೆಟ್ಟರ್‌ಸ್ಟ್ರೋಮ್ ರೂಪದಲ್ಲಿ ಹುಟ್ಟಿತು. (ಹೆಸರು ಉದ್ದವಾಯಿತು, ಮೂಲೆಯಲ್ಲಿ ಮೂರೇ ಅಕ್ಷರ ನೇಯ್ದದ್ದಕ್ಕೆ ಇದೂ ಒಂದು ಕಾರಣವಿದ್ದೀತು.) 1873ರಲ್ಲಿ ಪಾದ್ರಿಯ ಮನೆಯಲ್ಲಿ ಹುಟ್ಟಿದಾಕೆ, ಸ್ಟಾಕ್‌ಹೋಮಿನಲ್ಲಿ ಕಲಾಶಿಕ್ಷಣ ಮುಗಿಸಿ 1905ರಲ್ಲಿ ಸ್ಕೋನೆಯ ಮಾಲ್ಮೋಹುಸ್ ಜಿಲ್ಲೆಯ ಗೃಹಕೈಗಾರಿಕೆ ಸಂಘದ ಮೇಲ್ವಿಚಾರಕಿಯಾದರು. ಸಂಘಕ್ಕೆ ಬೇಕಿದ್ದುದು ಅಜ್ಜಿಯರ ಚಿತ್ತಾರದ ಯಥಾಪ್ರತಿ. ಈಕೆ ಅಜ್ಜಿಯರ ನೇಯ್ಗೆಯನ್ನು ಇಟ್ಟುಕೊಂಡರು, ಚಿತ್ತಾರವನ್ನು ಮಾತ್ರ ತಮ್ಮಿಷ್ಟಕ್ಕೆ ಬರೆದರು. ಪೂರ್ವದೇಶದ ರತ್ನಗಂಬಳಿ, ಸ್ಕೋನೆಯ ಹೊಲ, ಬೇಲಿ, ಹೂವು ಎಲ್ಲ ಅದರೊಳಗೆ ಬಂದವು. 1911ರಲ್ಲಿ ಕೆಲಸ ಹೋಯಿತು. ಪರಂಪರೆಯ ವಿಷಯದಲ್ಲಿ ತೀರ ಸ್ವತಂತ್ರಳು ಎಂಬುದು ಆಕ್ಷೇಪ.

ಕೆಲಸ ಕಳೆದುಕೊಂಡವಳಿಗೆ ನೆರಳು ಕೊಟ್ಟವರು ಯಾರು ಗೊತ್ತೇ? ಹಳೆಯ ಚಿತ್ತಾರಗಳ ಗಣತಿ ಮಾಡಿಸಿದ ಅದೇ ಲಿಲ್ಲಿ ಸಿಕರ್‌ಮಾನ್. ವಿಟ್‌ಶೋ ಎಂಬಲ್ಲಿದ್ದ ತಮ್ಮ ನೇಯ್ಗೆ ಶಾಲೆಯ ಹೊಣೆಯನ್ನು ಮೇರ್ಟಾಗೆ ವಹಿಸಿದರು. ಹಳತನ್ನು ಬಲ್ಲವರಿಗೆ ಹೊಸತನ್ನು ಕಂಡರೆ ಭಯ ಕಡಿಮೆ ಎಂದು ನನಗನ್ನಿಸುವುದು ಇಂಥ ಉದಾಹರಣೆಗಳಿಂದ.

1919ರಲ್ಲಿ ಮೇರ್ಟಾ ಕಡಲತೀರದ ಬೋಸ್ಟಾಡ್ ಊರಿನಲ್ಲಿ ತಮ್ಮದೇ ಮಗ್ಗದ ಮನೆ ತೆರೆದರು. ಅಲ್ಲಿಗೆ ಕರೆಸಿಕೊಂಡವರು ಲುಡ್ವಿಗ್ ನೊಬೆಲ್, ಪ್ರಶಸ್ತಿಯ ಆಲ್ಫ್ರೆಡ್ ನೊಬೆಲ್ ಅವರ ಅಣ್ಣನ ಮಗ. ಬೋಸ್ಟಾಡನ್ನು ಶ್ರೀಮಂತರ ಬೇಸಿಗೆಯ ತಾಣ ಮಾಡುವ ಹುಮ್ಮಸ್ಸಿನಲ್ಲಿ ಅವರೊಂದು ಹೋಟೆಲ್ ಕಟ್ಟಿದ್ದರು, ಅದಕ್ಕೆ ಹಾಸು ಬೇಕಿತ್ತು. ಹೋಟೆಲಿಗೆ ಬಂದವರು ಮಗ್ಗದ ಮನೆಗೂ ಬಂದರು. 1941ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಆಕೆ ಮಾಡಿದ್ದ ವಿನ್ಯಾಸಗಳು ಸುಮಾರು 700. ‘ಕುದುರೆ ಹುಲ್ಲುಗಾವಲು’ ಎಂಬ ಹೆಸರಿನ ಜಮಖಾನದಲ್ಲಿ ಬೇಲಿ ಕಟ್ಟಿದ ಚೌಕಗಳೊಳಗೆ ಪುಟ್ಟ ಪುಟ್ಟ ಕುದುರೆಗಳು ನಿಂತಿವೆ. ಹತ್ತಿರ ಹೋದರೆ ಬಣ್ಣದ ಗುಟ್ಟು ಕಾಣುತ್ತದೆ. ಹಸಿರು ಎಂದು ನಾವು ತಿಳಿದದ್ದು ಒಂದೇ ಹಸಿರಲ್ಲ, ಬೇರೆ ಬೇರೆ ಛಾಯೆಯ ತೆಳು ಎಳೆಗಳನ್ನು ಕೂಡಿಸಿ ಹೊಕ್ಕಿಗೆ ಬಳಸಿದ್ದಾರೆ. ಅದಕ್ಕೇ ಆ ಹಸಿರು ಬೆಳಕಿಗೆ ತಕ್ಕಂತೆ ಮಿಸುಕುತ್ತದೆ.

ಮೇರ್ಟಾ ಹೋದ ಮೇಲೆ, 1942ರಲ್ಲಿ, ಮಗ್ಗದ ಮನೆ ಕಂಪನಿಯಾಯಿತು. ಸಹಿಯಲ್ಲಿನ ‘ಎಬಿ’ ಎಂದರೆ ಸ್ವೀಡಿಷ್ ಭಾಷೆಯಲ್ಲಿ ‘ಲಿಮಿಟೆಡ್’ ಇದ್ದಂತೆ. ಎಬಿ ಇಲ್ಲದಿದ್ದರೆ ಮೇರ್ಟಾ ಬದುಕಿದ್ದಾಗ ನೇಯ್ದದ್ದು, ಇದ್ದರೆ ಆಮೇಲಿನದು. ಸಂಗ್ರಾಹಕರ ಮೊಣಕಾಲು ನೋವಿಗೆ ಇದೇ ಮೂಲ. ಹೊಸ ಕಲಾನಿರ್ದೇಶಕಿಯಾಗಿ ಬಂದ ಬಾರ್ಬ್ರೋ ನಿಲ್‌ಸನ್ 1970ರವರೆಗೂ ಅಲ್ಲಿದ್ದರು. ಚಿಪ್ಪು, ಕಡಲಪಾಚಿ ಮುಂತಾದ ಸಮುದ್ರದ ಆಕಾರಗಳು ಅವರ ಜಮಖಾನಗಳಿಗೆ ಇಳಿದವು. ಮೂಲೆಯಲ್ಲಿ ‘ಬಿಎನ್’ ಎಂಬ ಇನ್ನೆರಡು ಅಕ್ಷರ ಸೇರಿತು. ಅಲ್ಲೇ ಇದ್ದ ಮಾರಿಯಾನ್ ರಿಕ್ಟರ್ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಸಭಾಂಗಣಕ್ಕೆ ಭಾರಿ ಪರದೆಯೊಂದನ್ನು ವಿನ್ಯಾಸ ಮಾಡಿದರು. ಅದು ಈಗ ಅಲ್ಲಿಲ್ಲ; 2013ರಿಂದ ಆನ್ ಎಡ್‌ಹೋಲ್ಮ್ ಅವರ ಪರದೆ ಆ ಜಾಗದಲ್ಲಿದೆ.

ಒಂದು ಮಾತು ಇಲ್ಲಿ ಹೇಳಿಬಿಡಬೇಕು. ಸ್ಕೋನೆಯ ದಿಂಬಿನ ಮೇಲೆ ಒಡತಿಯ ಹೆಸರಿತ್ತು, ಬೋಸ್ಟಾಡಿನ ಜಮಖಾನದ ಮೇಲೆ ಚಿತ್ತಾರ ಬರೆದವರ ಹೆಸರು ಬಂತು. ದಿನಗಟ್ಟಲೆ ಮಗ್ಗದ ಮುಂದೆ ಕೂತು ಎಳೆ ಎಳೆ ಕೂಡಿಸಿದ ಹೆಂಗಸರ ಹೆಸರು ಆಗಲೂ ಮೂಲೆಗೆ ಬರಲಿಲ್ಲ, ಆಮೇಲೂ ಬರಲಿಲ್ಲ. ಮಾರುಕಟ್ಟೆ ಲಕ್ಷಗಟ್ಟಲೆ ಸುರಿಯುವುದು ಆ ಮೂರಕ್ಷರಕ್ಕೆ.

ಹಾಗಾಗಿ ನನ್ನ ಒಲವು ಇನ್ನೊಂದು ಜಾತಿಯ ಹಾಸಿನ ಕಡೆಗೆ. ಸ್ವೀಡನ್ನಿನಲ್ಲಿ ‘ರೀಯಾ’, ಫಿನ್ಲೆಂಡಿನಲ್ಲಿ ‘ರುಯಿಯು’. ಉದ್ದ ರೋಮದ, ಗಂಟು ಹಾಕಿ ನೇಯ್ದ ಉಣ್ಣೆ. ಗಂಟು ತುರ್ಕಿಯ ರತ್ನಗಂಬಳಿಯಲ್ಲಿ ಇರುವಂಥದ್ದೇ, ಆದರೆ ಸಾಲುಗಳು ದೂರ ದೂರ, ಎಳೆ ಉದ್ದ. ಇದು ನೆಲಕ್ಕೆಂದು ಹುಟ್ಟಿದ್ದೇ ಅಲ್ಲ. ಮಧ್ಯಯುಗದಿಂದಲೂ ಇದು ಹೊದಿಕೆ. ರೋಮದ ಬದಿ ಕೆಳಗೆ, ಮಲಗಿದವರ ಮೈಗೆ ತಾಗುವಂತೆ. ದ್ವೀಪಗಳ ಬೆಸ್ತರು ರಾತ್ರಿ ದೋಣಿಯಲ್ಲಿ ಹೊದೆಯುತ್ತಿದ್ದುದು ಇದನ್ನೇ. ಪ್ರಾಣಿಯ ತುಪ್ಪಳ ಉಪ್ಪುನೀರಿಗೆ ನೆಂದು ಒಣಗಿದರೆ ಸೆಟೆದುಕೊಳ್ಳುತ್ತದೆ. ರೀಯಾ ಹಾಗಾಗುವುದಿಲ್ಲ, ತೊಳೆಯಲೂ ಬರುತ್ತದೆ. ಮುಂದೆ ಬೆನ್ನಿನ ಬದಿಗೆ ಬಣ್ಣ ಬಂತು, ಆಮೇಲೆ ರೋಮದ ಬದಿಯೇ ಮೇಲಾಗಿ ಚಿತ್ತಾರ ಬಂತು. ಫಿನ್ಲೆಂಡಿನಲ್ಲಿ ವಧೂವರರು ಮದುವೆಯ ಹೊತ್ತಿಗೆ ರುಯಿಯು ಮೇಲೆ ನಿಲ್ಲುವ ಸಂಪ್ರದಾಯ ಬೆಳೆಯಿತು. ಮದುವೆ ಕಂಡ ಹಾಸನ್ನು ಮತ್ತೆ ಹೊದೆಯಲು ಯಾರಿಗೆ ಮನಸ್ಸು ಬರುತ್ತದೆ? ಗೋಡೆಗೆ ಏರಿತು.

1900ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಫಿನ್ಲೆಂಡಿಗೆ ತನ್ನದೇ ಮಂಟಪ ಸಿಕ್ಕಿತ್ತು. ಆಗಿನ್ನೂ ಅದು ರಷ್ಯದ ಚಕ್ರವರ್ತಿಯ ಆಳ್ವಿಕೆಯ ನಾಡು. ಚಿತ್ರಕಾರ ಆಕ್ಸೆಲಿ ಗಾಲೆನ್-ಕಾಲೆಲಾ ಅಲ್ಲಿಗೆಂದು ‘ಜ್ವಾಲೆ’ ಎಂಬ ರುಯಿಯು ವಿನ್ಯಾಸ ಮಾಡಿದರು. ಬೆಂಚಿನ ಮೇಲಿಂದ ಇಳಿದು ನೆಲಕ್ಕೆ ಹರಿಯುವಂಥದ್ದು. ಇಂದಿನ ಕಲಾತ್ಮಕ ರುಯಿಯುಗಳ ವಂಶಾವಳಿಯನ್ನು ಇಲ್ಲಿಂದಲೇ ಎಣಿಸುವುದು ರೂಢಿ. ಅದನ್ನು ನೇಯಿಸಿದ ‘ಫಿನ್ನಿಷ್ ಕೈಕಸುಬಿನ ಗೆಳೆಯರು’ ಸಂಘವನ್ನು 1879ರಲ್ಲಿ ಕಟ್ಟಿದವರು ಫಾನಿ ಶೂರ್‌ಬೆರಿ ಎಂಬ ಚಿತ್ರಕಾರ್ತಿ. 1951ರ ಮಿಲಾನ್ ತ್ರೈವಾರ್ಷಿಕ ಪ್ರದರ್ಶನದಲ್ಲಿ ಏವಾ ಬ್ರುಮ್ಮರ್ ಅವರ ರುಯಿಯುಗಳಿಗೆ ದೊಡ್ಡ ಬಹುಮಾನ ಬಂದ ಮೇಲೆ ಯುರೋಪು, ಅಮೆರಿಕದ ಮನೆಗಳಲ್ಲಿ ಅವಕ್ಕೆ ಬೇಡಿಕೆ ಏರಿತು. ಬೆನ್ನಲ್ಲೇ ಯಂತ್ರದ ಅಗ್ಗದ ನಕಲುಗಳೂ ಬಂದವು. ಅವುಗಳ ಬಗ್ಗೆ ಹೇಳುವಂಥದ್ದು ಏನಿಲ್ಲ.

ಹೇಳಬೇಕಾದ್ದು ಕಟ್ಟುಗಳ ಬಗ್ಗೆ. ಹೆಸರಾಂತ ಕಲಾವಿದೆಯ ವಿನ್ಯಾಸದ ನಕ್ಷೆ, ನೇಯ್ದಿಟ್ಟ ಬೆನ್ನುಬಟ್ಟೆ, ಛಾಯೆವಾರು ವಿಂಗಡಿಸಿದ ಉಣ್ಣೆಯ ಲಡಿ, ಇಷ್ಟನ್ನು ಕಟ್ಟಿ ಮಾರುತ್ತಿದ್ದರು. ಮನೆಯಾಕೆ ಚಳಿಗಾಲದ ಸಂಜೆಗಳಲ್ಲಿ ಕೂತು ಸೂಜಿಯಿಂದ ಗಂಟು ಹಾಕುತ್ತ ಹೋದರೆ ವಸಂತ ಬರುವಷ್ಟರಲ್ಲಿ ಗೋಡೆಗೊಂದು ರುಯಿಯು. ಅದರ ಬೆನ್ನಿನಲ್ಲಿ ಒಮ್ಮೊಮ್ಮೆ ಆ ಮನೆಯಾಕೆಯದೇ ಮೊದಲಕ್ಷರ, ಇಸವಿ. ಹರಾಜು ಮನೆಗಳು ಇವನ್ನು ಎರಡನೇ ದರ್ಜೆಗೆ ಇಳಿಸುತ್ತವೆ. ಒಡತಿ ತನ್ನ ಕೈಯಾರೆ ಮಾಡಿ ತನ್ನ ಹೆಸರು ಹಾಕಿಕೊಂಡದ್ದು ಮೂರಕ್ಷರದ ಸಹಿಗಿಂತ ಕಡಿಮೆ ಹೇಗೆ ಎಂಬುದು ನನಗಂತೂ ಅರ್ಥವಾಗಿಲ್ಲ. ಜೇಬು ಚಿಕ್ಕದಿರುವವರಿಗೆ ಅದರಿಂದ ಅನುಕೂಲವೇ ಆಗಿದೆ.

ಕೊಳ್ಳುವ ಆಸೆಯಿದ್ದರೆ ಮೊದಲು ಮಗುಚಿ ನೋಡಿ. ಬೆನ್ನಿನ ಬಣ್ಣಕ್ಕೂ ಮುಖದ ಬಣ್ಣಕ್ಕೂ ಇರುವ ಅಂತರವೇ ಬಿಸಿಲು ಎಷ್ಟು ತಿಂದಿದೆ ಎಂಬುದರ ಲೆಕ್ಕ. ತುದಿಯ ಕುಚ್ಚು ಎರಡೂ ಕಡೆ ಒಂದೇ ತೆರನಾಗಿದೆಯೇ, ಚಿತ್ತಾರ ಅರ್ಧಕ್ಕೆ ನಿಂತಂತಿದೆಯೇ ನೋಡಿ. ಹಾಳಾದ ಭಾಗ ಕತ್ತರಿಸಿ ಅಂಚು ಹೊಲಿದು ಮಾರುವವರು ಎಲ್ಲ ದೇಶದಲ್ಲೂ ಇದ್ದಾರೆ. ಉಣ್ಣೆಗೆ ನುಸಿಯೇ ಮೃತ್ಯು. ನಮ್ಮ ಮಳೆಗಾಲದಲ್ಲಂತೂ ಸುತ್ತಿ ಅಟ್ಟಕ್ಕೆ ಹಾಕಿ ಮರೆತರೆ ಮುಗಿಯಿತು, ಆಗಾಗ ಬಿಡಿಸಿ ಕೊಡವಿ ಗಾಳಿಗೆ ಹಾಕಲೇಬೇಕು. ಆ ನಾಡಿನವರಿಗೆ ಈ ವಿಷಯದಲ್ಲಿ ಒಂದು ಪುಣ್ಯವಿದೆ: ಕೊರೆಯುವ ಚಳಿಯಲ್ಲಿ ಒಣ ಹಿಮದ ಮೇಲೆ ಹಾಸನ್ನು ಬೋರಲು ಹಾಕಿ ಬಡಿದರೆ ಧೂಳೆಲ್ಲ ಹಿಮಕ್ಕೆ ಅಂಟಿ ಹಾಸು ಶುಭ್ರ. ಎತ್ತಿದ ಮೇಲೆ ಹಿಮದ ಮೇಲೆ ಕಪ್ಪು ಆಯತ ಉಳಿಯುತ್ತದೆ.

ಇಷ್ಟೆಲ್ಲ ಓದಿ ಹಳೆಯದು ದುಬಾರಿಯಾಯಿತು ಎಂದು ಕೈಬಿಡುವವರಿಗೆ ಒಂದು ಸುದ್ದಿ. ಬೋಸ್ಟಾಡಿನ ಮಗ್ಗದ ಮನೆ ಮುಚ್ಚಿಲ್ಲ. ಮೇರ್ಟಾ ಬಿಟ್ಟುಹೋದ ವಿನ್ಯಾಸಗಳನ್ನು ಅಲ್ಲಿ ಇಂದಿಗೂ ಕೈಮಗ್ಗದಲ್ಲಿ ನೇಯ್ದು ಕೊಡುತ್ತಾರೆ. ಅದು ಇನ್ನೂ ದುಬಾರಿ.