ಎಲುಬು, ಕಗ್ಗಂಟು, ಮುಂಬಯಿ: ಒಂದು ನುಡಿಗಟ್ಟಿನ ವಿವೇಚನೆ

ಕಲಹದ ವಸ್ತುವನ್ನು ಸೂಚಿಸಲು ಇಂಗ್ಲಿಷಿನಲ್ಲಿ ರೂಢವಾಗಿರುವ ‘ಬೋನ್ ಆಫ್ ಕಂಟೆನ್ಷನ್’ ಎಂಬ ನುಡಿಗಟ್ಟಿನ ಅರ್ಥ ಮತ್ತು ಮೂಲವನ್ನು ಪರಿಶೀಲಿಸಿ, ಮುಂಬಯಿಯ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುವಾಗ ಅದು ಎಷ್ಟರಮಟ್ಟಿಗೆ ಸಲ್ಲುವುದೆಂದು ಇಲ್ಲಿ ವಿಚಾರಿಸಬಯಸುತ್ತೇವೆ.

ಒಂದೇ ಎಲುಬಿಗಾಗಿ ಎರಡು ನಾಯಿಗಳು ಕಚ್ಚಾಡುವ ದೃಶ್ಯವೇ ಈ ನುಡಿಯ ಮೂಲ. ಇಬ್ಬರ ನಡುವೆ ಎಲುಬನ್ನೆಸೆದು ಜಗಳ ಹುಟ್ಟಿಸುವ ಮಾತು ಹದಿನಾರನೆಯ ಶತಮಾನದ ಇಂಗ್ಲಿಷಿನಲ್ಲಿಯೇ ಬಳಕೆಯಲ್ಲಿತ್ತು. ಈ ಚಿತ್ರದಲ್ಲಿ ಮೂರು ಅಂಶಗಳು ಅಡಗಿವೆ: ಸ್ಪರ್ಧಿಗಳು ಇಬ್ಬರು, ವಸ್ತು ಒಂದೇ, ಹಂಚಿಕೆಗೆ ಒಲ್ಲದ್ದು, ಆ ವಸ್ತುವಿಗೆ ಜೀವವಾಗಲಿ ಮಾತಾಗಲಿ ಇಲ್ಲ.

ಭಾಷಾವಾರು ಪ್ರಾಂತ ರಚನೆಯ ಕಾಲದ ಮುಂಬಯಿಗೆ ಮೊದಲೆರಡು ಅಂಶಗಳು ಹೊಂದುತ್ತವೆ. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ಮರಾಠಿ ಮತ್ತು ಗುಜರಾತಿ ಪ್ರದೇಶಗಳೆರಡನ್ನೂ ಒಳಗೊಂಡ ದ್ವಿಭಾಷಾ ಮುಂಬಯಿ ರಾಜ್ಯವನ್ನು ಸೂಚಿಸಿತು. ಅದೇ ನವೆಂಬರಿನಲ್ಲಿ ಫ್ಲೋರಾ ಫೌಂಟನ್ ಬಳಿ ಗೋಲೀಬಾರು ನಡೆದು ಪ್ರಾಣಹಾನಿಯಾಯಿತು. ಆ ಸ್ಥಳವೇ ಇಂದಿನ ಹುತಾತ್ಮಾ ಚೌಕ. ನಗರವನ್ನು ಕೇಂದ್ರಾಡಳಿತಕ್ಕೆ ಒಳಪಡಿಸುವ ನಿರ್ಧಾರವು 1956ರ ಜನವರಿಯಲ್ಲಿ ಪ್ರಕಟವಾದಾಗ ಕ್ಷೋಭೆ ಇನ್ನಷ್ಟು ಹೆಚ್ಚಿತು. 1956ರ ನವೆಂಬರ್ 1ರಂದು ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ಮುಂಬಯಿ ದ್ವಿಭಾಷಾ ರಾಜ್ಯದಲ್ಲಿ ಉಳಿಯಿತು. 1960ರ ಮೇ 1ರಂದು ಅದು ಮಹಾರಾಷ್ಟ್ರದ ರಾಜಧಾನಿಯಾಯಿತು.

ಮೂರನೆಯ ಅಂಶ ಮಾತ್ರ ಹೊಂದುವುದಿಲ್ಲ. ಮುಂಬಯಿ ಮೂಕ ವಸ್ತುವಲ್ಲ. ಪರೇಲ್, ಲಾಲ್‌ಬಾಗ್‌ಗಳ ಗಿರಣಿ ಕಾರ್ಮಿಕರು ಆ ಚಳವಳಿಯ ಬಲವಾಗಿದ್ದರು. ಹಗಲು ಹೋಟೆಲುಗಳಲ್ಲಿ ದುಡಿದು ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ತುಳುನಾಡಿನ ಹುಡುಗರಿಗೂ ಅದು ಬಾಳಿನ ನೆಲೆಯಾಗಿತ್ತು. ನಗರವನ್ನು ‘ಎಲುಬು’ ಎಂದೊಡನೆ ಹೋರಾಡಿದವರು ನಾಯಿಗಳಾಗುತ್ತಾರೆ, ಬಾಳಿದವರು ಕಣ್ಮರೆಯಾಗುತ್ತಾರೆ.

ಮರಾಠಿ ಪತ್ರಿಕೆಗಳು ಇಂತಲ್ಲಿ ‘ಕಳೀಚಾ ಮುದ್ದಾ’ ಎನ್ನುತ್ತವೆ. ಜಗಳ ಹಚ್ಚುವವನು ಅಲ್ಲಿ ‘ಕಳೀಚಾ ನಾರದ’. ಕನ್ನಡದಲ್ಲಿ ‘ಕಲಹದ ಮೂಲ’, ‘ಜಗಳದ ಬೀಜ’ ಎಂಬ ಮಾತುಗಳಿವೆ. ಬಗೆಹರಿಯದ ವಿವಾದಕ್ಕೆ ‘ಕಗ್ಗಂಟು’ ಎಂಬ ಮಾತೂ ಉಂಟು. ‘ಕಡು’ ಮತ್ತು ‘ಗಂಟು’ ಕೂಡಿ ಆದ ಈ ಪದವು ‘ಕಗ್ಗೊಲೆ’ಯ ಜಾತಿಯದು. ಗಂಟಿನಲ್ಲಿ ಸ್ಪರ್ಧಿಗಳ ನಿಂದೆಯಿಲ್ಲ. ಎಳೆದಷ್ಟೂ ಬಿಗಿಯುವ, ತಾಳ್ಮೆಯಿಂದ ಬಿಡಿಸಬಹುದಾದ ಸ್ವಭಾವವಷ್ಟೇ ಇದೆ. 1967ರ ಮಹಾಜನ ಆಯೋಗದ ವರದಿಯ ನಂತರವೂ ಮುಗಿಯದೆ, 2004ರಲ್ಲಿ ಮಹಾರಾಷ್ಟ್ರವು ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ದ ಬೆಳಗಾವಿಯ ಗಡಿ ಪ್ರಶ್ನೆಗೆ ಈ ಪದವೇ ತಕ್ಕುದು.

ಆದುದರಿಂದ ‘ವಿವಾದದ ಎಲುಬು’ ಎಂಬ ಪದಶಃ ಅನುವಾದವನ್ನು ನಾವು ಒಪ್ಪುವುದಿಲ್ಲ. ಕಾರಣವನ್ನು ಹೇಳಬೇಕಾದಲ್ಲಿ ‘ಕಲಹದ ಮೂಲ’ ಸಾಕು. ಜಟಿಲತೆಯನ್ನು ಹೇಳಬೇಕಾದಲ್ಲಿ ‘ಕಗ್ಗಂಟು’ ಯುಕ್ತ. ಸ್ಪರ್ಧಿಗಳ ಲೋಭವನ್ನೇ ಖಂಡಿಸುವುದು ಮೂಲ ಲೇಖಕನ ಉದ್ದೇಶವಾಗಿದ್ದರೆ ಮಾತ್ರ ನಾಯಿ, ಎಲುಬುಗಳ ಚಿತ್ರವನ್ನು ಬಿಡಿಸಿ ಹೇಳಬಹುದು. ನುಡಿಗಟ್ಟಿನೊಳಗೆ ತೀರ್ಪೂ ಅಡಗಿರುತ್ತದೆ. ಅನುವಾದಕನು ಮೊದಲು ತೂಗಬೇಕಾದುದು ಅದನ್ನು.