ಸರ್ವರೋಗಕ್ಕೂ ಒಂದೇ ಮದ್ದು

ಔಷಧಿ ಅಂಗಡಿಯ ಕೌಂಟರಿನ ಹಿಂದೆಯೇ ನನ್ನ ಬದುಕು ಕಳೆದಿದೆ. ‘ಎಲ್ಲದಕ್ಕೂ ಆಗೋ ಹಾಗೆ ಒಂದು ಕೊಡಿ’ ಎನ್ನುವವರು ಇವತ್ತಿಗೂ ಬರುತ್ತಾರೆ. ಮಂಡಿನೋವು, ಸುಸ್ತು, ನಿದ್ದೆಗೇಡು ಎಲ್ಲಕ್ಕೂ ಒಂದೇ ಮಾತ್ರೆ ಬೇಕು. ಈ ಆಸೆ ಬಹಳ ಹಳೆಯದು. ಅದಕ್ಕೆ ಗ್ರೀಕರು ಕೊಟ್ಟ ಹೆಸರು ಪಾನಾಕಿಯಾ. ಇಂಗ್ಲಿಷಿನಲ್ಲಿ ಅದೇ ‘ಪ್ಯಾನಸಿಯ’ ಆಯಿತು.

‘ಪಾನ್’ ಎಂದರೆ ಎಲ್ಲ, ‘ಆಕೋಸ್’ ಎಂದರೆ ಮದ್ದು. ವೈದ್ಯದೇವತೆ ಆಸ್ಕ್ಲೀಪಿಯಸ್‌ನ ಮಗಳಿಗೂ ಇದೇ ಹೆಸರು. ಹಿಪೊಕ್ರೆಟಿಸ್ ಹೆಸರಿನ ವೈದ್ಯರ ಪ್ರತಿಜ್ಞೆ ಸಾಕ್ಷಿಗೆ ಕರೆಯುವ ದೇವತೆಗಳಲ್ಲಿ ಅವಳೂ ಇದ್ದಾಳೆ, ಆರೋಗ್ಯ ಕಾಯುವ ಅವಳ ಸೋದರಿ ಹೈಜಿಯಾ ಕೂಡ ಇದ್ದಾಳೆ. ಜಿನ್ಸೆಂಗ್ ಗಿಡದ ಕುಲಕ್ಕೆ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ‘ಪ್ಯಾನಾಕ್ಸ್’ ಎಂಬ ಹೆಸರೂ ಇದೇ ಮೂಲದ್ದು.

ಈ ಹೆಸರಿಗೆ ತಕ್ಕ ಮದ್ದೆಂದು ಯುರೋಪು ಶತಮಾನಗಟ್ಟಲೆ ನಂಬಿ ನುಂಗಿದ್ದು ಥೀರಿಯಾಕ್ ಎಂಬ ಲೇಹ್ಯವನ್ನು. ಕ್ರಿ.ಪೂ. 63ರಲ್ಲಿ ಸತ್ತ ಪಾಂಟಸ್‌ನ ದೊರೆ ಮಿಥ್ರಿಡೇಟಿಸ್‌ಗೆ ವಿಷಪ್ರಾಶನದ ಭಯ. ಅವನು ಮಾಡಿಸಿದನೆನ್ನಲಾದ ಪ್ರತಿವಿಷಕ್ಕೆ ರೋಮ್‌ನಲ್ಲಿ ಚಕ್ರವರ್ತಿ ನೀರೋನ ವೈದ್ಯ ಆಂಡ್ರೊಮಾಕಸ್ ಹಾವಿನ ಮಾಂಸ ಸೇರಿಸಿದ. ಅಫೀಮು, ದಾಲ್ಚಿನ್ನಿ, ಮೆಣಸು ಸೇರಿ 64 ಪದಾರ್ಥಗಳನ್ನು ಜೇನಿನಲ್ಲಿ ಕಲಸಿ ವರ್ಷಗಟ್ಟಲೆ ಮಾಗಿಸುತ್ತಿದ್ದರು. ವಿಷಕ್ಕೆಂದು ಹುಟ್ಟಿದ ಮದ್ದು ಬರಬರುತ್ತ ಕೆಮ್ಮಿಗೆ, ಭೇದಿಗೆ, ಪ್ಲೇಗಿಗೂ ಆಯಿತು.

ಇದರ ಕೀರ್ತಿಯಲ್ಲಿ ಅಫೀಮಿನ ಪಾಲು ದೊಡ್ಡದು. ಅಫೀಮು ನೋವು ಮರೆಸುತ್ತದೆ, ಕೆಮ್ಮು ತಗ್ಗಿಸುತ್ತದೆ, ಭೇದಿ ಕಟ್ಟುತ್ತದೆ, ನಿದ್ದೆ ಬರಿಸುತ್ತದೆ. ಕಾಯಿಲೆ ಇದ್ದಲ್ಲೇ ಇದ್ದರೂ ರೋಗಿಗೆ ಹಾಯೆನಿಸುತ್ತದೆ. 1745ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡನ್ ಈ ಲೇಹ್ಯದ ವಿರುದ್ಧ ಒಂದು ಪುಸ್ತಿಕೆಯನ್ನೇ ಬರೆದರು. 1788ರಲ್ಲಿ ಲಂಡನ್ನಿನ ಅಧಿಕೃತ ಔಷಧಿಕೋಶ ಅದನ್ನು ಕೈಬಿಟ್ಟಿತು.

ಆದರೂ ವೆನಿಸ್‌ನ ಮದ್ದಿನಂಗಡಿಗಳ ಒಂದು ಪದ್ಧತಿಗೆ ನಾನು ಕೈಮುಗಿಯುತ್ತೇನೆ. ಲೇಹ್ಯ ಕುಟ್ಟುವ ಮೊದಲು ಪದಾರ್ಥಗಳನ್ನೆಲ್ಲ ಸಾರ್ವಜನಿಕವಾಗಿ ಹರವಿಡಬೇಕು, ಅಧಿಕಾರಿಗಳು ಪರೀಕ್ಷಿಸಬೇಕು. ಒಳಗೇನಿದೆ ಎನ್ನುವುದು ಗುಟ್ಟಲ್ಲ.

ನಮ್ಮಲ್ಲಿ ಈಗಲೂ ಸಿಗುವ ಹೆಸರಿಲ್ಲದ ಪುಡಿಗಳಲ್ಲಿ ಆ ಮರ್ಯಾದೆ ಇಲ್ಲ. ಒಮ್ಮೆ ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ಕಾಗದದ ಪೊಟ್ಟಣ ತೋರಿಸಿದರು. ಬೂದುಬಣ್ಣದ ಪುಡಿ, ಮೇಲೆ ಒಂದಕ್ಷರವೂ ಇಲ್ಲ. ‘ಎರಡೇ ದಿನಕ್ಕೆ ಮಂಡಿ ಹಗುರಾಯ್ತು ಕಣಪ್ಪ, ಹಸಿವೂ ಚೆನ್ನಾಗಿದೆ’ ಎಂದರು. ಅವರ ಮುಖ ಮಾತ್ರ ಉಬ್ಬಿ ದುಂಡಗಾಗಿತ್ತು, ಸಕ್ಕರೆ ಅಂಶ ಏರಿತ್ತು. ಸ್ಟೀರಾಯ್ಡ್ ಬೆರೆತಿರಬಹುದೆಂಬ ಅನುಮಾನಕ್ಕೆ ಅಷ್ಟು ಸಾಕು. ನಾನು ತಡಮಾಡದೆ ವೈದ್ಯರ ಬಳಿ ಕಳಿಸಿದೆ. ಅಂದು ಅಫೀಮು ಮಾಡಿದ್ದನ್ನೇ ಇಂದು ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಮಾಡುತ್ತದೆ.

1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಮಧುಮೇಹ, ಕ್ಯಾನ್ಸರಿನಂಥ ಕಾಯಿಲೆಗಳನ್ನು ವಾಸಿಮಾಡುತ್ತೇವೆಂಬ ಜಾಹೀರಾತನ್ನು ನಿಷೇಧಿಸುತ್ತದೆ. ಬಾಯಿಂದ ಬಾಯಿಗೆ ಹೋಗುವ ಹೊಗಳಿಕೆಯನ್ನು ಯಾವ ಕಾಯ್ದೆ ತಡೆದೀತು? ನಾವೇ ಕೇಳಬೇಕು: ಇದರೊಳಗೇನಿದೆ, ಮಾಡಿದವರು ಯಾರು? ಉತ್ತರ ಸಿಗದಿದ್ದರೆ ಬಾಯಿಗೆ ಹಾಕಬೇಡಿ. ಈಗಾಗಲೇ ತಿನ್ನುತ್ತಿದ್ದರೆ ಪೊಟ್ಟಣದ ಸಮೇತ ಇವತ್ತೇ ವೈದ್ಯರನ್ನು ಕಾಣಿ. ಸ್ಟೀರಾಯ್ಡ್ ಇದ್ದರೆ ಅದನ್ನು ಒಮ್ಮೆಗೇ ಬಿಡುವುದೂ ಅಪಾಯ.